ಥೈರಾಯ್ಡ್‌ನ ಜೀನಿನಿಂದ ಅರೆತಲೆನೋವಿನ ಮದ್ದಿನವರೆಗೆ



ಮೈಗ್ರೇನ್ ಬಂದವರಿಗೆ ಬೆಳಕು ಬೇಡ, ಸದ್ದು ಬೇಡ, ಒಗ್ಗರಣೆಯ ವಾಸನೆಯಂತೂ ಬೇಡವೇ ಬೇಡ. 'ತಲೆನೋವು ತಾನೇ, ಬಿಸಿ ಕಾಫಿ ಕುಡಿದು ಮಲಗು' ಎಂದು ಹೇಳುವವರಿಗೆ ಮಾತ್ರ ಬರವಿಲ್ಲ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ಮನೆಮನೆಗೂ ಹೋಗಿ ನಡೆಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. 18ರಿಂದ 65 ವರ್ಷದವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಒಬ್ಬರಂತೆ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದ್ದರು. ಆಗ ಅದನ್ನು ತಡೆಯಲು ವೈದ್ಯರು ಬರೆದುಕೊಡುತ್ತಿದ್ದುದು ಹೆಚ್ಚಾಗಿ ಬಿಪಿಗೆ, ಖಿನ್ನತೆಗೆ, ಮೂರ್ಛೆರೋಗಕ್ಕೆ ಹುಟ್ಟಿದ ಮಾತ್ರೆಗಳನ್ನು.

ಅಮೆರಿಕದ ಹೆರಾಲ್ಡ್ ವುಲ್ಫ್ 1938ರಲ್ಲಿ ತೋರಿಸಿದ್ದು ಇಷ್ಟು: ಎರ್ಗೋಟಮೈನ್ ಎಂಬ ಮದ್ದು ಕೊಟ್ಟರೆ ತಲೆಯ ರಕ್ತನಾಳಗಳ ಬಡಿತ ತಗ್ಗುತ್ತದೆ, ಜೊತೆಗೇ ನೋವೂ ತಗ್ಗುತ್ತದೆ. ಹಾಗಾಗಿ ನಾಳ ಹಿಗ್ಗುವುದೇ ನೋವಿಗೆ ಕಾರಣ ಎಂಬ ನಂಬಿಕೆ ದಶಕಗಳ ಕಾಲ ಬೇರೂರಿತು. ಆ ನಾಳಗಳನ್ನು ಸುತ್ತಿಕೊಂಡಿರುವ ನರಗಳ ಕಡೆ ಕಣ್ಣು ಹಾಯಿಸಿದವರು ಕಡಿಮೆ.

ಉತ್ತರದ ಎಳೆ ಸಿಕ್ಕಿದ್ದು ತಲೆನೋವಿಗೆ ಸಂಬಂಧವೇ ಇಲ್ಲದ ಕಡೆ. 1960ರ ದಶಕದ ಆರಂಭದಲ್ಲಿ ಕೆನಡಾದ ಹೆರಾಲ್ಡ್ ಕಾಪ್, ರಕ್ತದ ಕ್ಯಾಲ್ಸಿಯಂ ಇಳಿಸುವ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಗುರುತಿಸಿದ್ದರು. ಥೈರಾಯ್ಡ್‌ನಲ್ಲಿ ಹುಟ್ಟುವ ಸಣ್ಣ ಪೆಪ್ಟೈಡ್ ಅದು. ಮುಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಸೂಸನ್ ಅಮಾರಾ, ಮೈಕೇಲ್ ರೋಸೆನ್‌ಫೆಲ್ಡ್, ರೊನಾಲ್ಡ್ ಇವಾನ್ಸ್ ಮತ್ತು ಸಂಗಡಿಗರು ಇಲಿಯ ಥೈರಾಯ್ಡ್ ಗೆಡ್ಡೆಗಳನ್ನು ಪರೀಕ್ಷಿಸುತ್ತಿದ್ದಾಗ, ಕೆಲವು ಗೆಡ್ಡೆಗಳು ಕ್ಯಾಲ್ಸಿಟೋನಿನ್ ಮಾಡುವುದನ್ನು ಬಿಟ್ಟು ಅದೇ ಜೀನಿನಿಂದ ಬೇರೊಂದು ಸಂದೇಶ ಬರೆಯುತ್ತಿದ್ದವು. ರುಬ್ಬಿದ ಹಿಟ್ಟು ಒಂದೇ. ಥೈರಾಯ್ಡ್‌ನಲ್ಲಿ ಇಡ್ಲಿ, ನರಗಳಲ್ಲಿ ದೋಸೆ! ಈ ಎರಡನೆಯದೇ 37 ಅಮೈನೋ ಆಮ್ಲಗಳ ಸಿ.ಜಿ.ಆರ್.ಪಿ. 1982ರಲ್ಲಿ ಇದು ಪ್ರಕಟವಾದಾಗ ಜೀವವಿಜ್ಞಾನಿಗಳು ಬೆರಗಾದದ್ದು ಜೀನಿನ ಈ ಜಾಣ್ಮೆಗೆ. ತಲೆನೋವಿನ ಮಾತೇ ಅಲ್ಲಿರಲಿಲ್ಲ.

ಮೂರೇ ವರ್ಷದಲ್ಲಿ, 1985ರಲ್ಲಿ, ಸೂಸನ್ ಬ್ರೇನ್ ಮತ್ತು ಸಂಗಡಿಗರು ಇದರ ಅತಿ ಸಣ್ಣ ಪ್ರಮಾಣವನ್ನು ಚರ್ಮಕ್ಕೆ ಚುಚ್ಚಿ ನೋಡಿದರು. ಗಂಟೆಗಟ್ಟಲೆ ಕೆಂಪು ಉಳಿಯಿತು. ರಕ್ತನಾಳ ಹಿಗ್ಗಿಸುವುದರಲ್ಲಿ ಇದಕ್ಕೆ ಸಾಟಿಯಾಗುವವು ಕಡಿಮೆ. ಇತ್ತ ಸ್ವೀಡನ್ನಿನ ಲಾರ್ಸ್ ಎಡ್ವಿನ್ಸನ್, ಮಿದುಳಿನ ರಕ್ತನಾಳಗಳನ್ನು ಸುತ್ತಿದ ನರತಂತುಗಳಲ್ಲೂ ಇದನ್ನು ಕಂಡರು. ಮುಖದಿಂದ, ತಲೆಯಿಂದ ನೋವಿನ ಸುದ್ದಿ ಹೊರುವ ತ್ರಿಧಾರೀ ನರದಿಂದ ಬರುವ ತಂತುಗಳವು.

ನನ್ನ ಮಟ್ಟಿಗೆ ಈ ಕಥೆಯ ತಿರುವು ಇರುವುದು 1990ರಲ್ಲಿ. ಪೀಟರ್ ಗೋಡ್ಸ್‌ಬಿ ಮತ್ತು ಎಡ್ವಿನ್ಸನ್, ಮೈಗ್ರೇನ್ ಹಿಡಿದಿರುವಾಗಲೇ ರೋಗಿಗಳ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು ಅಳೆದರು. ಯೋಚಿಸಿ, ದೀಪವನ್ನೂ ಸಹಿಸಲಾಗದ ಹೊತ್ತಿನಲ್ಲಿ ಸೂಜಿಗೆ ಕೊರಳೊಡ್ಡಿದವರ ತಾಳ್ಮೆ! ಅಳೆದ ಪೆಪ್ಟೈಡ್‌ಗಳಲ್ಲಿ ಏರಿದ್ದು ಸಿ.ಜಿ.ಆರ್.ಪಿ. ಒಂದೇ. ಆ ಕಾಲದಲ್ಲಿ ಎಲ್ಲರ ಅನುಮಾನಕ್ಕೆ ಗುರಿಯಾಗಿದ್ದ ಸಬ್‌ಸ್ಟೆನ್ಸ್ ಪಿ ಏರಲಿಲ್ಲ. ಅದನ್ನು ತಡೆಯುವ ಔಷಧಿಗಳು ಮುಂದೆ ಮೈಗ್ರೇನ್ ಮೇಲೆ ಸೋತವು. ಮೈಗ್ರೇನಿನ ಮದ್ದಾದ ಸುಮಾಟ್ರಿಪ್ಟಾನ್ ಕೊಟ್ಟು ನೋವು ಇಳಿದಾಗ ಸಿ.ಜಿ.ಆರ್.ಪಿ.ಯೂ ಇಳಿಯಿತು.

ಏರಿತು ಎಂದ ಮಾತ್ರಕ್ಕೆ ಅದೇ ಕಾರಣವೇ? ಡೆನ್ಮಾರ್ಕಿನ ಯೆಸ್ ಓಲೆಸನ್ ತಂಡ 2002ರಲ್ಲಿ ಮೈಗ್ರೇನ್ ಇರುವವರ ರಕ್ತಕ್ಕೆ ಇದನ್ನೇ ಹನಿಸಿ ನೋಡಿತು. ತಲೆನೋವು ಬಂತು, ಕೆಲವರಿಗೆ ಗಂಟೆಗಳ ನಂತರ ಮೈಗ್ರೇನಿನಂಥದೇ ನೋವು. 2004ರಲ್ಲಿ ಸಿ.ಜಿ.ಆರ್.ಪಿ.ಯನ್ನು ತಡೆಯುವ ಓಲ್ಸೆಜೆಪಾಂಟ್ ಎಂಬ ಔಷಧಿ ಪಡೆದವರಲ್ಲಿ ಶೇಕಡಾ 66 ಮಂದಿಗೆ ಎರಡು ಗಂಟೆಯೊಳಗೆ ಆರಾಮವಾಯಿತು. ಹುಸಿಮದ್ದಿನಲ್ಲಿ ಶೇಕಡಾ 27. ಆದರೆ ಅದನ್ನು ನಾಳದ ಮೂಲಕವೇ ಕೊಡಬೇಕಿತ್ತು. ಮಾತ್ರೆಯಾಗಿ ಬಂದ ಟೆಲ್ಕಜೆಪಾಂಟ್ ಯಕೃತ್ತನ್ನು ಕೆಣಕಿತು, 2011ರಲ್ಲಿ ಕೈಬಿಟ್ಟರು.

ಕೊನೆಗೆ ಗೆದ್ದದ್ದು ಪ್ರತಿಕಾಯಗಳು. ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಎರೆನುಮ್ಯಾಬ್‌ಗೆ ಒಪ್ಪಿಗೆ ಸಿಕ್ಕಿತು. ಅದು ಸಿ.ಜಿ.ಆರ್.ಪಿ. ಕೂರುವ ಗ್ರಾಹಕವನ್ನು ಮುಚ್ಚುತ್ತದೆ. ಬೆನ್ನಲ್ಲೇ ಬಂದ ಫ್ರೆಮನೆಜುಮ್ಯಾಬ್, ಗಾಲ್ಕನೆಜುಮ್ಯಾಬ್ ಪೆಪ್ಟೈಡನ್ನೇ ಹಿಡಿಯುತ್ತವೆ. ಯಕೃತ್ತಿಗೆ ಹಗುರವಾದ ಮಾತ್ರೆಗಳೂ 2019ರ ಕೊನೆಯಿಂದ ಬಂದವು. ಗೋಡ್ಸ್‌ಬಿ, ಎಡ್ವಿನ್ಸನ್, ಓಲೆಸನ್, ಜೊತೆಗೆ ನರದ ಪಾತ್ರವನ್ನು ಮೊದಲೇ ಊಹಿಸಿದ್ದ ಮೈಕೇಲ್ ಮಾಸ್ಕೊವಿಟ್ಜ್, ನಾಲ್ವರಿಗೂ 2021ರ ಬ್ರೇನ್ ಪ್ರಶಸ್ತಿ ಸಂದಿತು.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಸಿ.ಜಿ.ಆರ್.ಪಿ. ಕರುಳಿನಲ್ಲೂ ಇದೆಯಲ್ಲ, ಎರೆನುಮ್ಯಾಬ್‌ನಿಂದ ಕೆಲವರಿಗೆ ಮಲಬದ್ಧತೆ ಕಾಡುತ್ತದೆ. ಇನ್ನು ಕೆಲವರಿಗೆ ನೋವು ಜಗ್ಗುವುದೇ ಇಲ್ಲ. ಅಂಥವರಿಗೆಂದು ಸಂಶೋಧಕರು ಈಗ ಪಾಕಾಪ್ ಎಂಬ ಇನ್ನೊಂದು ಪೆಪ್ಟೈಡಿನ ಬೆನ್ನು ಹತ್ತಿದ್ದಾರೆ. 1989ರಲ್ಲಿ ಕುರಿಯ ಮಿದುಳಿನಲ್ಲಿ ಸಿಕ್ಕಿದ್ದು ಅದು. ಹಲವು ತಡೆಮದ್ದುಗಳು ಫಲಿಸದಿದ್ದ ರೋಗಿಗಳಿಗೆ ಅದರ ವಿರುದ್ಧದ ಪ್ರತಿಕಾಯವನ್ನು ಒಮ್ಮೆ ಕೊಟ್ಟಾಗ, ಮುಂದಿನ ನಾಲ್ಕು ವಾರಗಳಲ್ಲಿ ಮೈಗ್ರೇನಿನ ದಿನಗಳು ಹುಸಿಮದ್ದು ಪಡೆದವರಿಗಿಂತ ಎರಡು ದಿನದಷ್ಟು ಹೆಚ್ಚಾಗಿ ಇಳಿದವು ಎಂದು 2024ರ ವರದಿ ಹೇಳುತ್ತದೆ.