ಬೆದರಿಕೆಗೆ ಹಣ ಕಟ್ಟಬೇಡಿ



ಕಾಸರಗೋಡಿನ ಕನ್ನಡ ಮನೆಗಳಿಂದ ಬಂದು ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಅನೇಕರು ಇನ್ನು ಕೇರಳ ಪಿಎಸ್‌ಸಿ ಪರೀಕ್ಷೆಗೆ ಕೂರುವಿರಿ. ಕೆಲಸ ಸಿಗುವ ಮೊದಲು ಸರ್ಟಿಫಿಕೇಟ್ ಪರಿಶೀಲನೆ ಇದ್ದೇ ಇರುತ್ತದೆ. ಆ ಮಾತು ಕೇಳಿದರೇ ಎದೆ ನಡುಗುವವರಿದ್ದಾರೆ. ಅವರ ಸರ್ಟಿಫಿಕೇಟ್ ನಕಲಿಯಲ್ಲ. ಎಂದೋ ಒಂದು ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಬರೆಸಿದ್ದರು. ಬರೆದುಕೊಟ್ಟವನು ಈಗ ಬೆನ್ನು ಬಿಡುತ್ತಿಲ್ಲ. ಸಂತೋಷದ ದಿನವೇ ಈ ಮಾತು ಎತ್ತಿದ್ದೇನೆ, ಏಕೆಂದರೆ ನಾಳೆ ನೀವು ನಮ್ಮ ಕೈಗೆ ಸಿಗುವುದಿಲ್ಲ.

ಬಲೆ ಬೀಳುವುದು ವಾಟ್ಸಾಪ್‌ನಲ್ಲಿ. ಮೊದಲು ಹೆಸರು, ಕಾಲೇಜು, ಗೈಡ್ ಯಾರೆಂದು ಕೇಳುತ್ತಾರೆ. ಗಡುವು ಹತ್ತಿರವಾದಾಗ ಪೋರ್ಟಲ್‌ನ ಪಾಸ್‌ವರ್ಡನ್ನೂ ಕೇಳುತ್ತಾರೆ, ಗಾಬರಿಯಲ್ಲಿದ್ದವರು ಕೊಟ್ಟುಬಿಡುತ್ತಾರೆ. ಒಪ್ಪಿದ ಹಣ ಸಂದಾಯವಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬರುತ್ತದೆ ಸಂದೇಶ: ‘ಇನ್ನಷ್ಟು ಹಾಕಿ, ಇಲ್ಲವಾದರೆ ನಿಮ್ಮ ಗೈಡ್‌ಗೆ ಮೇಲ್ ಹೋಗುತ್ತದೆ.’ ಜೊತೆಗೆ ಅವರದೇ ಚಾಟ್‌ನ ಸ್ಕ್ರೀನ್‌ಶಾಟ್. ಹೆದರಿ ಕಟ್ಟಿದವರು ಕೊಡಬಲ್ಲವರೆಂದು ಅವನಿಗೆ ತಿಳಿಯುತ್ತದೆ, ಮುಂದಿನ ಬೇಡಿಕೆ ದೊಡ್ಡದಾಗುತ್ತದೆ. ಹಣ ಪಡೆದು ಬರೆದುಕೊಡುವ ದಂಧೆಯನ್ನೇ ಆಸ್ಟ್ರೇಲಿಯಾ 2020ರಲ್ಲಿ, ಇಂಗ್ಲೆಂಡ್ 2022ರಲ್ಲಿ ಕಾನೂನು ಮಾಡಿ ಅಪರಾಧವೆಂದವು. ಅಲ್ಲಿಗೆ ಓದಲು ಹೋಗುವ ನಮ್ಮ ಮಕ್ಕಳಿಗೂ ಇದು ತಿಳಿದಿರಬೇಕು.

ಹಣ ಕೊಟ್ಟು ಬರೆಸುವುದು ತಪ್ಪು. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ವಿಶ್ವವಿದ್ಯಾಲಯ ಕೊಡುವ ಶಿಕ್ಷೆಗೆ ನಿಯಮವಿದೆ, ವಿಚಾರಣೆಯಿದೆ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ತಂದ ನಿಯಮವನ್ನೇ ನೋಡಿ: ಪ್ರಬಂಧದಲ್ಲಿ ಹೋಲಿಕೆ ಶೇ. 10ರಿಂದ 40ರವರೆಗಿದ್ದರೆ ತಿದ್ದಿ ಸಲ್ಲಿಸಲು ಗರಿಷ್ಠ 6 ತಿಂಗಳು, 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಕಠಿಣವೇ, ಆದರೂ ಎಲ್ಲಿಗೆ ಮುಗಿಯುತ್ತದೆಂದು ಗೊತ್ತು. ಸುಲಿಗೆಗಾರನ ಲೆಕ್ಕ ಮುಗಿಯುವುದೇ ಇಲ್ಲ.

ಆದ್ದರಿಂದ ಅಂಥ ಸಂದೇಶ ಬಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಅವನೊಡನೆ ಚೌಕಾಸಿಗೂ ಇಳಿಯಬೇಡಿ. ನಾಚಿಕೆಯಿಂದ ಚಾಟ್ ಅಳಿಸುವವರೇ ಹೆಚ್ಚು, ದಯವಿಟ್ಟು ಅಳಿಸಬೇಡಿ. ಫೋನ್ ನಂಬರ್, ಯುಪಿಐ ಐಡಿ, ಹಣ ಹೋದ ದಿನಾಂಕ, ಎಲ್ಲವೂ ಸಾಕ್ಷಿ. ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಭಯಪಡಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ. 7 ವರ್ಷದವರೆಗೆ ಜೈಲಾಗಬಹುದು. ನೀವು ತಪ್ಪು ಮಾಡಿದ್ದೀರೆಂಬ ಕಾರಣಕ್ಕೆ ನಿಮ್ಮನ್ನು ಸುಲಿಯುವ ಹಕ್ಕು ಅವನಿಗೆ ಬರುವುದಿಲ್ಲ.

ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಅವನ ಮೇಲ್ ತಲುಪುವ ಮೊದಲೇ ನೀವೇ ಗೈಡ್ ಬಳಿ ಹೋಗಿ ಹೇಳಿಬಿಡುವುದು. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಅಕ್ಕನನ್ನೋ ಗೆಳೆಯನನ್ನೋ ಜೊತೆಗೆ ಕರೆದುಕೊಳ್ಳಿ. ಹೇಳಿದ ಮೇಲೆ ಬೆದರಿಸಲು ಅವನ ಕೈಯಲ್ಲಿ ಏನೂ ಉಳಿಯದು.

ಅಧ್ಯಾಪಕ ಮಿತ್ರರೇ, ಆ ಹೊತ್ತಿಗೆ ಬಾಗಿಲು ತೆರೆದಿಡುವುದು ನಮ್ಮ ಹೊಣೆ. ತಾನಾಗಿ ಬಂದು ಹೇಳಿದವರನ್ನೂ ಸಿಕ್ಕಿಬಿದ್ದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. 2018ರ ನಿಯಮದಂತೆ ವಿಭಾಗಕ್ಕೊಂದು ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ ಇರಬೇಕು. ಅದರ ಸದಸ್ಯರ ಹೆಸರು, ಭೇಟಿಯ ಸಮಯ ಈ ವಾರವೇ ನೋಟಿಸ್ ಬೋರ್ಡಿಗೆ ಬರಲಿ. ಮಲಯಾಳ, ಇಂಗ್ಲಿಷ್‌ಗಳ ಪಕ್ಕದಲ್ಲಿ ಕನ್ನಡದಲ್ಲೂ ಇರಲಿ.