ರಜೆಗೆ ಬೀಗ ಹಾಕ್ತಿದ್ದ ಲೈಬ್ರರಿ

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಲೈಬ್ರೇರಿಯನ್. ಹೌದು, ಅಂಥದ್ದೊಂದು ಹುದ್ದೆ ಇನ್ನೂ ಇದೆ. ಬಹಳಷ್ಟು ಶಾಲೆಗಳಲ್ಲಿ ಇಲ್ಲ, ಯಾರೋ ಒಬ್ಬ ಮೇಷ್ಟ್ರ ಕೈಗೆ ಬೀರುವಿನ ಬೀಗದಕೈ ಕೊಟ್ಟಿರ್ತಾರೆ, ಅಷ್ಟೇ.

"ಬೇಸಿಗೆ ರಜೆಯಲ್ಲಿ ಏನು ಓದ್ತೀರಿ ಮೇಡಂ?" ಅಂತ ಈ ಪಾಡ್‌ಕಾಸ್ಟ್‌ನವರು ಕೇಳಿದಾಗ ಸ್ವಲ್ಪ ನಾಚಿಕೆಯಾಯ್ತು. ಯಾಕಂದ್ರೆ ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ನಾನು ರಜೆಯಲ್ಲಿ ಏನೂ ಓದ್ತಿರಲಿಲ್ಲ. ಮಾರ್ಚ್ ಬಂತು ಅಂದ್ರೆ ಸ್ಟಾಕ್ ವೆರಿಫಿಕೇಷನ್. ಮಕ್ಕಳ ಹತ್ತಿರ ಇರೋ ಪುಸ್ತಕವೆಲ್ಲ ವಾಪಸ್ ತರಿಸಬೇಕು, ರಿಜಿಸ್ಟರಿನ ನಂಬರಿಗೆ ತಾಳೆ ನೋಡಬೇಕು, ನುಸಿಗುಳಿಗೆ ಇಟ್ಟು ಬೀಗ ಹಾಕಬೇಕು. ಒಂದು ಪುಸ್ತಕ ಕಮ್ಮಿ ಬಂದ್ರೂ ಉತ್ತರ ಕೊಡಬೇಕಾದವಳು ನಾನು. ಹಾಗಾಗಿ ಗಮನವೆಲ್ಲ ಲೆಕ್ಕದ ಮೇಲೆ.

ಅಂಥ ಒಂದು ಮಾರ್ಚ್‌ನಲ್ಲಿ ಹತ್ತನೇ ಕ್ಲಾಸಿನ ಹುಡುಗ ಒಬ್ಬ ತೇಜಸ್ವಿಯವರ 'ಕರ್ವಾಲೊ' ಹಿಡ್ಕೊಂಡು ಬಂದ. "ಮಿಸ್, ಇನ್ನು ಸ್ವಲ್ಪ ಇದೆ. ಪರೀಕ್ಷೆ ಮುಗಿದ ಮೇಲೆ ಓದಿ ಕೊಡ್ಲಾ?" ಆಗಲ್ಲ ಅಂದೆ. "ಹೋಗ್ಲಿ, ಕೊನೆಗೆ ಆ ಹಾರುವ ಓತಿ ಸಿಗುತ್ತಾ ಇಲ್ವಾ, ಅದನ್ನಾದ್ರೂ ಹೇಳಿ ಮಿಸ್."

ನಾನು 'ಕರ್ವಾಲೊ' ಓದಿರಲಿಲ್ಲ. 1980ರಲ್ಲಿ ಬಂದ ಕಾದಂಬರಿ, ನಮ್ಮ ಬೀರುವಿನಲ್ಲೇ ಎರಡು ಪ್ರತಿ ಇತ್ತು. "ಎಲ್ಲಾ ಹೇಳಿಬಿಟ್ರೆ ಮಜಾ ಏನಿರುತ್ತೆ, ನೀನೇ ಓದು" ಅಂತ ಹೇಳಿ ಪುಸ್ತಕ ಇಸ್ಕೊಂಡು ಒಳಗಿಟ್ಟೆ. ನೀನೇ ಓದು ಅಂತ ಹೇಳ್ತಾ ಹೇಳ್ತಾ ಇಸ್ಕೊಂಡೆ, ನೋಡಿ! ಅವನು ಟಿಸಿ ತಗೊಂಡು ಹೋದ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಅಂತ ಆಮೇಲೆ ಗೊತ್ತಾಯ್ತು.

ಆ ಏಪ್ರಿಲ್‌ನಲ್ಲಿ ಅದೇ ಪ್ರತಿಯನ್ನು ಮನೆಗೆ ತಂದೆ. ಕೊನೆಯ ಭಾಗದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು, ಅವನು ಗುರುತಿಗೆ ಇಟ್ಟಿದ್ದು. ಎಲ್ಲರೂ ಓತಿ ಹುಡುಕ್ತಾ ಕಾಡಿಗೆ ಹೋಗೋ ಭಾಗ. ಅಂಥ ಜಾಗದಲ್ಲಿ ನಿಲ್ಲಿಸಿಬಿಟ್ಟಿದ್ದೆ ಹುಡುಗನನ್ನು. ಕೊನೆ ಏನು ಅಂತ ನಿಮಗೂ ಹೇಳಲ್ಲ. ಈ ಸಲ ಓದಿಕೊಂಡು ಹೇಳ್ತಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಬೇಸಿಗೆ ಓದು ಶುರುವಾಗಿದ್ದು ಅಲ್ಲಿಂದ. ಪುಸ್ತಕದೊಳಗೆ ತಾರೀಖಿನ ಚೀಟಿ ಅಂಟಿಸಿರ್ತೀವಲ್ಲ, ಅದು ಪೂರ್ತಿ ಖಾಲಿ ಇರೋ ಪುಸ್ತಕಗಳನ್ನೇ ಹುಡುಕಿ ಹದಿನೈದು ಮನೆಗೆ ತರ್ತೀನಿ. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದ್ರು. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಸಿಗಬೇಕು ಅನ್ನೋದು ಅದರಲ್ಲಿ ಮೂರನೆಯದು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ.

ಮಧ್ಯಾಹ್ನ ಊಟ ಆದ್ಮೇಲೆ ಜಗಲಿಯಲ್ಲಿ ಚಾಪೆ, ಫೋನ್ ಒಳಗೆ ಚಾರ್ಜಿಗೆ. (ರೀಲ್ಸ್ ನಾನೂ ನೋಡ್ತೀನಿ, ರಾತ್ರಿ. ಅದಕ್ಕೆ ಬೈಯೋಕೆ ಬಂದಿಲ್ಲ.) ಮೂವತ್ತು ಪುಟ ಓದಿ ಹಿಡಿಸದಿದ್ರೆ ಬಿಡ್ತೀನಿ. ಕೆಲವು ಪುಸ್ತಕ ಯಾರೂ ಮುಟ್ಟದೇ ಇದ್ದಿದ್ದೇ ಸರಿ ಅನ್ನಿಸುತ್ತೆ. ಹಿಡಿಸಿದ್ರೆ ಹಳೇ ಕ್ಯಾಟಲಾಗ್ ಕಾರ್ಡಿನ ಹಿಂದೆ ಬರೆದಿಡ್ತೀನಿ. ಕಥೆಯಲ್ಲ, ಯಾರಿಗೆ ಕೊಡಬೇಕು ಅಂತ. "ಎಂಟನೇ ಬಿ, ನಾಯಿ ಸಾಕಿದಾಳಲ್ಲ, ಅವಳಿಗೆ." ಹೀಗೆ. ಜೂನ್‌ನಲ್ಲಿ ಕರೆದು ಕೈಗೇ ಕೊಡ್ತೀನಿ. ಎಷ್ಟೋ ಸಲ ನನ್ನ ಅಂದಾಜು ತಪ್ಪಿ ಮಾರನೇ ದಿನವೇ ವಾಪಸ್ ಬರುತ್ತೆ.

ಇನ್ನೊಂದಕ್ಕೆ ಧೈರ್ಯ ಬೇಕಾಯ್ತು. ಮಕ್ಕಳಿಗೆ ಓದೋಕೆ ಬಿಡುವು ಸಿಗೋದು ಏಪ್ರಿಲ್, ಮೇನಲ್ಲಿ. ನಾವು ಬೀಗ ಹಾಕೋದೂ ಆಗಲೇ! ಸ್ಟಾಕ್ ಲೆಕ್ಕ ಫೆಬ್ರವರಿಯಲ್ಲೇ ಮುಗಿಸ್ತೀನಿ, ರಜೆಗೆ ಪುಸ್ತಕ ಕೊಡೋಣ ಅಂತ ಹೆಡ್‌ಮಾಸ್ಟರನ್ನ ಕೇಳಿದೆ. ಹತ್ತನೇ ಕ್ಲಾಸಿನವರಿಗೂ ಸೇರಿಸಿ. "ಟಿಸಿ ತಗೊಂಡು ಹೋಗೋರಿಗೆ ಯಾಕ್ರೀ? ಕಳೆದ್ರೆ ನಿಮ್ಮ ಜವಾಬ್ದಾರಿ" ಅಂದ್ರು. ಸರಿ ಸರ್ ಅಂದೆ.

ಹೋದ ವರ್ಷ 64 ಪುಸ್ತಕ ಹೋದವು, 59 ಬಂದವು. ಒಂದರ ತುಂಬ ಮಾವಿನಹಣ್ಣಿನ ಕಲೆ. ಬರದೇ ಇದ್ದ ಐದರಲ್ಲಿ ಒಂದು ಅಜ್ಜಿ ಊರಲ್ಲಿದೆ, ಅಜ್ಜಿ ಓದ್ತಿದಾರಂತೆ. ಉಳಿದ ನಾಲ್ಕಕ್ಕೆ ನನ್ನ ಕೈಯಿಂದ 610 ರೂಪಾಯಿ ಹೋಯ್ತು. ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ಈ ವರ್ಷವೂ ಕೊಟ್ಟಿದೀನಿ.

ಆ ಹುಡುಗ ಈಗ ಇಪ್ಪತ್ತೈದು ದಾಟಿರ್ತಾನೆ. ಬಸ್ಸಲ್ಲೋ ಎಲ್ಲೋ ಇದನ್ನ ಕೇಳ್ತಿದ್ರೆ, ಊರಿಗೆ ಬಂದಾಗ ಸ್ಕೂಲ್ ಕಡೆ ಬಾರಪ್ಪ. ನಿನ್ನ ಟಿಕೆಟ್ ಇನ್ನೂ ಅದೇ ಪುಟದಲ್ಲಿದೆ. ವಾಪಸ್ ತಾರೀಖು ಹಾಕಲ್ಲ.