ಸಹಿ ಹಾಕುವ ಮೊದಲು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದ ಬಗ್ಗೆ ಮಾತನಾಡು ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಅವರ ಕ್ಷಮೆ ಕೋರಿ, ನಾನು ಒಬ್ಬ ವಕೀಲರ ಬಗ್ಗೆ ಮಾತನಾಡುತ್ತೇನೆ. ಬೆಂಗಳೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜಮೀನು, ಕಟ್ಟಡಗಳ ದಾವೆಗಳನ್ನೇ ನಡೆಸಿದವರು. ಹೆಸರು ಹೇಳಬೇಡ ಎಂದಿದ್ದಾರೆ.

ಕೆಲವು ವರ್ಷಗಳ ಹಿಂದೆ ನಾನೊಂದು ಫ್ಲ್ಯಾಟ್ ಕೊಳ್ಳಲು ಹೊರಟಿದ್ದೆ. ಅಪ್ಪ ಕೂಡಿಟ್ಟ ಹಣವೂ ಅದರಲ್ಲಿ ಸೇರಿತ್ತು. ಬಿಲ್ಡರ್ ಕಚೇರಿಯವರು ಶೇಕಡಾ 20 ಮುಂಗಡ ಕೊಡಿ, ಕರಾರು ಆಮೇಲೆ ಮಾಡೋಣ ಎಂದರು. ಚೆಕ್ ಬರೆಯುವ ಮೊದಲು ಗೆಳೆಯನೊಬ್ಬ ಈ ವಕೀಲರ ಬಳಿ ಕರೆದೊಯ್ದ.

ಅವರು ವಕೀಲಿಕೆ ಶುರು ಮಾಡಿದಾಗ ಬರುತ್ತಿದ್ದದ್ದು ಹೆಚ್ಚಾಗಿ ಪಾಲು, ಬದು, ದಾರಿಯ ತಕರಾರುಗಳಂತೆ. ಆಮೇಲೆ ಹೊಲಗಳು ಲೇಔಟ್ ಆದವು, ಲೇಔಟ್‌ನಲ್ಲಿ ಅಪಾರ್ಟ್‌ಮೆಂಟ್‌ಗಳೆದ್ದವು. ಸೋರುವ ತಾರಸಿ, ಹೇಳಿದ ದಿನಕ್ಕೆ ಸಿಗದ ಮನೆ, ಬಿಲ್ ಹಣ ಬಾರದ ಗುತ್ತಿಗೆದಾರ, ಎಲ್ಲರೂ ಅವರ ಬಾಗಿಲಿಗೆ ಬಂದರು. 2016ರಲ್ಲಿ ರೇರಾ ಕಾಯ್ದೆ ಬಂತು. ಅದರ ಪ್ರಕಾರ ನೋಂದಾಯಿತ ಕರಾರು ಇಲ್ಲದೆ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇಡಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಇಂಜಿನಿಯರ್ ಆದ ನನಗೆ ಇದೊಂದೂ ಗೊತ್ತಿರಲಿಲ್ಲ.

“ರೇರಾ ನಂಬರ್ ಇದೆ ಸಾರ್” ಎಂದೆ. “ನಂಬರ್ ಇದ್ದ ಮಾತ್ರಕ್ಕೆ ಜಮೀನಿನ ಹಕ್ಕು ಸರಿಯಿದೆ ಅಂತಲ್ಲಪ್ಪ. ಮೂಲಪತ್ರಗಳನ್ನು ತಾ” ಎಂದರು. ತಂದುಕೊಟ್ಟೆ. ಹಳೆಯ ಪತ್ರಗಳೆಲ್ಲ ಕನ್ನಡದಲ್ಲಿದ್ದವು. ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಎಂಟನೇ ತರಗತಿಯಲ್ಲಿ ಕನ್ನಡ ಮೇಷ್ಟ್ರ ಎದುರು ನಿಂತಂತಾಯಿತು.

ಋಣಭಾರ ಪತ್ರದಲ್ಲಿ ಯಾವ ತೊಡಕೂ ಇರಲಿಲ್ಲ. ಆದರೆ ಜಮೀನು ಮಾರಿದ ಕುಟುಂಬದ ವಂಶವೃಕ್ಷದಲ್ಲಿ ಮೂವರು ಗಂಡುಮಕ್ಕಳ ಜೊತೆ ಒಬ್ಬ ಮಗಳ ಹೆಸರಿತ್ತು. ಬಿಲ್ಡರ್‌ಗೆ ಬರೆದುಕೊಟ್ಟ ಕ್ರಯಪತ್ರದಲ್ಲಿ ಆಕೆಯ ಸಹಿ ಇರಲಿಲ್ಲ, ಹಕ್ಕು ಬಿಡುಗಡೆ ಪತ್ರವೂ ಇರಲಿಲ್ಲ. “ಋಣಭಾರ ಪತ್ರ ನೋಂದಣಿಯಾದದ್ದನ್ನು ಹೇಳುತ್ತೆ. ಬಿಟ್ಟುಹೋದವರನ್ನು ಹೇಳೋದಿಲ್ಲ. ನಾಳೆ ಆ ಹೆಣ್ಣುಮಗಳು ದಾವೆ ಹೂಡಿದರೆ ನೀನೂ ಪ್ರತಿವಾದಿ” ಎಂದರು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟಪಡಿಸಿತು ಎಂದು ವಿವರಿಸಿದರು.

ಫ್ಲ್ಯಾಟ್ ಬಿಟ್ಟೆ. ಹಣ ಉಳಿಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ತಾತ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ನಮ್ಮ ಮನೆಯವರು ಬರೆಸಿದ ವಂಶವೃಕ್ಷದಲ್ಲಿ ನನ್ನ ಅತ್ತೆಯ ಹೆಸರೇ ಇರಲಿಲ್ಲ. “ಮದುವೆ ಮಾಡಿ ಕೊಟ್ಟಾಗಿದೆಯಲ್ಲ” ಎಂದು ಆಗ ಎಲ್ಲರೂ ಅಂದಿದ್ದರು. ಬೇರೆಯವರ ಪತ್ರದಲ್ಲಿ ಕಂಡ ತಪ್ಪು ನಮ್ಮ ಮನೆಯದೂ ಆಗಿತ್ತು.

ಊರಿಗೆ ಬಂದು ಅಪ್ಪನ ಹತ್ತಿರ ಮಾತಾಡಿದೆ. ಮೊದಲು ಸಿಟ್ಟಾದರು. ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಆಮೇಲೆ ತಾವೇ ಅತ್ತೆಯ ಮನೆಗೆ ಹೋದರು. ಈಗ ಅವರ ಹೆಸರು ಸೇರಿದೆ. ಅತ್ತೆ ಇವತ್ತು ಈ ಸಭೆಯಲ್ಲೇ ಕುಳಿತಿದ್ದಾರೆ.

ವಕೀಲರೆಂದರೆ ಜಗಳವಾದ ಮೇಲೆ ಹೋಗುವ ಜಾಗ ಎಂದು ನಾವು ತಿಳಿದಿದ್ದೇವೆ. ಜಗಳ ಹುಟ್ಟದಂತೆ ನೋಡಿಕೊಳ್ಳುವುದೇ ತಮ್ಮ ಒಳ್ಳೆಯ ಕೆಲಸ, ಅದು ಯಾವ ತೀರ್ಪಿನಲ್ಲೂ ಅಚ್ಚಾಗುವುದಿಲ್ಲ ಎಂದು ಅವರು ನಗುತ್ತಾರೆ.

ನಮ್ಮೂರಿಗೂ ಈಗ ರಸ್ತೆ ಬದಿಯ ಹೊಲ ಕೇಳುತ್ತಾ ದಲ್ಲಾಳಿಗಳು ಬರುತ್ತಿದ್ದಾರೆ. ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಹೆಬ್ಬೆಟ್ಟು ಒತ್ತುವ ಮೊದಲು, ಸಹಿ ಹಾಕುವ ಮೊದಲು, ಪತ್ರವನ್ನು ಈ ಶಾಲೆಯಲ್ಲಿ ಓದುವ ನಿಮ್ಮ ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವಳ ಹೆಸರೂ ಅದರಲ್ಲಿದೆಯೇ ಎಂದು ಅವಳೇ ನೋಡಲಿ.